ಎಡಮುರಿ ಹುರಿ

ಊರಿನಲ್ಲಿ ಎಡಮುರಿ ಹುರಿ ಹೊಸೆಯುವವಳು ನಾನೊಬ್ಬಳೇ. ಹಾಗಾಗಿ ನಾವು ಮೀಸೆ ಎಂದು ಕರೆಯುವವನ ಗಾಳದ ಅಂಗಡಿಯ ಗಾಜಿನ ಕಿಟಕಿಯಲ್ಲಿ ಎಡಮುರಿ ಹುರಿಗಳು ನೇತಾಡುತ್ತಿವೆ ಎಂದು ಮೇಣದಜ್ಜಿ ಬಂದು ಹೇಳಿದಾಗ, ಹೊಸೆದವರು ಯಾರು ಎಂದು ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕೈ ನೋಡಿದರು. ನಾನೂ ನನ್ನ ಕೈಯನ್ನೇ ನೋಡಿಕೊಂಡೆ.

ನೊಣದ ಗಾಳ ಹಾಕುವವರಿಗೆ ಹುಳ ಬೇಡ. ಗರಿ, ಕೂದಲು, ಬಣ್ಣದ ದಾರ ಸುತ್ತಿ ಕಟ್ಟಿದ ಸುಳ್ಳು ನೊಣವೊಂದನ್ನು ನೀರಿನ ಮೇಲೆ ಹಗುರವಾಗಿ ಇಳಿಸಿ ಮೀನಿಗೆ ಟೋಪಿ ಹಾಕುತ್ತಾರೆ. ಕೋಲಿನಿಂದ ಬರುವ ಹಗ್ಗ ದಪ್ಪ. ಅದಕ್ಕೇ ನೊಣ ಕಟ್ಟಿದರೆ ಧೊಪ್ಪನೆ ಬಿದ್ದು ಮೀನೆಲ್ಲ ಓಡಿಹೋಗುತ್ತವೆ. ಹಗ್ಗಕ್ಕೂ ನೊಣಕ್ಕೂ ನಡುವೆ, ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತಾ ಸಣ್ಣಗಾಗುವ ಹುರಿಯೊಂದು ಬೇಕು. ಅಂಗಡಿಯವರು ಅದನ್ನು ಲೀಡರ್ ಎನ್ನುತ್ತಾರೆ. ನಾವು ಹುರಿ ಎಂದೇ ಕರೆಯುತ್ತೇವೆ. “ಲೀಡರ್ ಆಗಿದ್ರೆ ಭಾಷಣ ಮಾಡ್ಕೊಂಡು ಇರ್ತಿತ್ತು, ಇದು ಪಾಪ ಕೆಲಸ ಮಾಡುತ್ತೆ” ಎಂದು ಪಟಾಕಿ ಹೇಳುತ್ತಿದ್ದಳು. ಅವಳ ಬಾಯಿಗೇ ಆ ಹೆಸರು.

ಉದ್ದನೆಯ ಹಲಗೆ, ಅದರ ಮೇಲೆ ಎರಡು ಸಾಲು ಗೂಟ. ಗೂಟದಿಂದ ಗೂಟಕ್ಕೆ ದಾರ ಸುತ್ತುತ್ತಾ ಹೋಗಬೇಕು; ಬುಡದ ಕಡೆ ಎಳೆ ಹೆಚ್ಚು, ತುದಿಯ ಕಡೆ ಕಮ್ಮಿ. ಹೀಗೆ ಎರಡು ಎಳೆಗಟ್ಟು; ಅವನ್ನು ಕಾಲು ಎನ್ನುತ್ತೇವೆ. ಕೈ ಡ್ರಿಲ್ಲಿನ ಮೂತಿಗೆ ಕೊಕ್ಕೆ ಸಿಕ್ಕಿಸಿ ಒಂದೊಂದು ಕಾಲನ್ನೂ ಬಿಗಿಯಾಗಿ ತಿರುಚಿ ಮುರಿ ಹಾಕಬೇಕು. ಆಮೇಲೆ ಎರಡನ್ನೂ ಒಂದೇ ಕೊಕ್ಕೆಗೆ ಹಾಕಿ ಉಲ್ಟಾ ತಿರುಗಿಸಿದರೆ, ಜಗಳವಾಡಿ ರಾಜಿಯಾದವರ ಹಾಗೆ ಅವು ತಾವಾಗಿಯೇ ತಬ್ಬಿಕೊಳ್ಳುತ್ತವೆ. ಸೀಸದ ಗುಂಡು ಕಟ್ಟಿ ತೂಗುಹಾಕಿ ಎಳೆದು, ಮೇಣ ಉಜ್ಜಿದರೆ ಹುರಿ ಮುಗಿಯಿತು. ಹೊಸೆಯುವವಳ ಬೆರಳಿನ ಗೆರೆಗಳೂ ಅಷ್ಟರಲ್ಲಿ ಮುಗಿದಿರುತ್ತವೆ.

ನನಗೆ ಎಡಗೈ ವಾಟ. ಡ್ರಿಲ್ಲಿನ ಹಿಡಿ ನನ್ನ ಕೈಯಲ್ಲಿ ಸಲೀಸಾಗಿ ತಿರುಗುವ ದಿಕ್ಕು ಉಳಿದವರ ದಿಕ್ಕಿಗೆ ತದ್ವಿರುದ್ಧ. ಅವರ ಹುರಿ ಬಲಮುರಿ, ನನ್ನದು ಎಡಮುರಿ. ನೀರಿಗೂ ಮೀನಿಗೂ ಅದರಿಂದ ಆಗಬೇಕಾದ್ದು ಏನೂ ಇಲ್ಲ; ಕೊಳ್ಳುವವರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಕೋಣೆಯವರಿಗೆ ಮಾತ್ರ ದೂರದಿಂದ ಕಂಡರೂ ಗುರುತು ಸಿಗುತ್ತದೆ. “ಎಡಚಿ ಹುರಿ ನೋಡು, ಮುನಿಸ್ಕೊಂಡು ಗೋಡೆ ಕಡೆ ತಿರುಗಿದೆ” ಎನ್ನುತ್ತಿದ್ದರು. ಎಡಚಿ ಎಂದರೆ ನಾನು. ಆ ಹೆಸರಿಟ್ಟವಳು ಅಕ್ಕ.

ಅಮ್ಮ ನನ್ನ ಎಡಗೈಗೆ ಬಟ್ಟೆ ಸುತ್ತಿ, ಬಲಗೈಯಲ್ಲೇ ಬರೆ ಎಂದು ಕೂರಿಸುತ್ತಿದ್ದಳು. ಅಕ್ಕ ಬಂದು ಗಂಟು ಬಿಚ್ಚುತ್ತಿದ್ದಳು. “ಇವಳು ಎಡಚಿನೇ. ಏನೀಗ?” ಎಂದು ಅಮ್ಮನ ಮುಖಕ್ಕೇ ಕೇಳುತ್ತಿದ್ದಳು. ಬೈಗುಳವಾಗಿದ್ದ ಮಾತನ್ನು ಕರೆದು ಕರೆದೇ ಮುದ್ದಿನ ಹೆಸರು ಮಾಡಿದಳು. ಅಮ್ಮ ಹೋದ ಮೇಲೆ ನನಗೆ ಊಟ ಹಾಕಿದವಳು ಅವಳೇ, ಹೊಸೆಯುವುದನ್ನು ಕಲಿಸಿದವಳೂ ಅವಳೇ. ಆಗ ನಾವಿದ್ದ ಮನೆ ಎಷ್ಟು ಇಕ್ಕಟ್ಟೆಂದರೆ, ಮಂಚಕ್ಕೂ ಗೋಡೆಗೂ ನಡುವೆ ಹಲಗೆ ಹಿಡಿಸಲಿ ಎಂದು ಅದರ ಒಂದು ತುದಿಯನ್ನೇ ಗರಗಸದಲ್ಲಿ ಕೊಯ್ದಳು. ಆ ಹಲಗೆಯಲ್ಲಿ ಹೊಸೆದದ್ದು ಗೇಣುದ್ದ ಕಮ್ಮಿ ಬರುತ್ತಿತ್ತು. ಮಾರಲು ಆಗದು, ಕಲಿಯಲು ಸಾಕು.

ಕಲಿಯುವಾಗ ನನ್ನ ಹುರಿಗಳೆಲ್ಲ ಕೂದಲು ಕೆದರಿಕೊಂಡು ಬರುತ್ತಿದ್ದವು. ಏಕೆಂದು ತಿಳಿಯದೆ ಅಳು ಬರುತ್ತಿತ್ತು. ಆಮೇಲೆ ದಾರವನ್ನೇ ಬೆರಳಲ್ಲಿ ಬಿಚ್ಚಿ ನೋಡಿದೆ. ದಾರಕ್ಕೂ ತನ್ನದೊಂದು ಮುರಿ ಇರುತ್ತದೆ. ನಾನು ನನ್ನ ದಿಕ್ಕಿಗೆ ತಿರುಗಿಸಿದರೆ ಆ ಮುರಿ ಬಿಚ್ಚಿಕೊಂಡು ಎಳೆ ಸಡಿಲವಾಗುತ್ತಿತ್ತು. ಬ್ಯಾಗು ಹೊಲಿಯುವವರ ಹತ್ತಿರ ಎರಡು ಸೂಜಿಯ ಮಷೀನಿಗೆಂದೇ ಉಲ್ಟಾ ಮುರಿದ ದಾರ ಸಿಗುತ್ತದೆ; ಅದೇ ಕಾರ್ಖಾನೆಯದು, ಅದೇ ಬಣ್ಣ, ಕಣ್ಣಿಗೆ ವ್ಯತ್ಯಾಸ ಕಾಣದು. ಅಂದಿನಿಂದ ನನ್ನ ದಾರ ನಾನೇ ತರುತ್ತಿದ್ದೆ. “ಇವಳಿಗೆ ದಾರನೂ ಬೇರೆ ಬೇಕು, ಮಹಾರಾಣಿ” ಎಂದು ಅಕ್ಕ ನಗುತ್ತಿದ್ದಳು. ಯಾಕೆ ಬೇರೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆಮೇಲೆ ನಾವು ಬಟ್ಟೆ ತೊಳೆಯುವ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಹೊಸೆಯತೊಡಗಿದೆವು. ನೆಲದ ಬಿರುಕಿನಿಂದ ಹಬೆ ಏರುತ್ತದೆ. ಮೇಣ ಬೇಗ ಮೆತ್ತಗಾಗುತ್ತದೆ ಎಂದು ಮೇಣದಜ್ಜಿಗೆ ಅದೂ ಇಷ್ಟ. ಅಜ್ಜಿ, ಪಟಾಕಿ, ಕನ್ನಡಕ, ಅಕ್ಕ, ನಾನು. ನಮ್ಮ ಹುರಿ ಕೊಳ್ಳುವವನು ಒಬ್ಬನೇ, ಮೀಸೆ. ಅವನ ಅಂಗಡಿಯಲ್ಲಿ ಪ್ರತಿ ಹುರಿಗೂ ಒಂದು ಚೀಟಿ ನೇತಾಡುತ್ತದೆ: ಕೋಲು ಹಿಡಿದ ಮೀಸೆಯ ಚಿತ್ರ, ಕೆಳಗೆ ‘ಯಜಮಾನರ ಸ್ವಂತ ಕೈಕೆಲಸ’. ಆ ಮನುಷ್ಯನಿಗೆ ಬೂಟಿನ ದಾರ ಕಟ್ಟಲು ಬರುವುದಿಲ್ಲ. ಪಟ್ಟಿ ಅಂಟಿಸುವ ಬೂಟು ಹಾಕುತ್ತಾನೆ.

ಆ ಚೀಟಿಯ ವಿರುದ್ಧ ಮೊದಲು ಎದ್ದು ನಿಂತವಳು ಅಕ್ಕನೇ. ಆ ದಿನ ಅವಳು ಮಾತಾಡಿದ್ದು ನನಗೆ ಇಂದಿಗೂ ಬಾಯಿಪಾಠ. “ಅವನು ನಮ್ಮ ಶ್ರಮ ತಗೋತಾನೆ, ಸರಿ, ಮಾರ್ತೀವಿ ಅದಕ್ಕೇ ತಗೋತಾನೆ. ಆದ್ರೆ ನಮ್ಮ ಹೆಸರನ್ನೇ ಅಳಿಸಿಹಾಕ್ತಾನಲ್ಲ, ಅದನ್ನ ನಾವು ಮಾರಿಲ್ಲ. ಚೀಟಿ ಮೇಲೆ ನಮ್ಮ ಐದೂ ಜನರ ಹೆಸರು ಬರೋ ತನಕ ಒಂದೆಳೆ ಹುರಿ ಆ ಅಂಗಡಿಗೆ ಹೋಗಲ್ಲ.” ಹೀಗೆ ಶುರುವಾಯಿತು ನಮ್ಮ ಸಂಘ. ಡ್ರಿಲ್ಲುಗಳನ್ನು ಗೂಡಿನಲ್ಲಿಟ್ಟೆವು. ಕೋಣೆಯ ಬೀಗದ ಕೈ ಮೇಣದಜ್ಜಿಯ ಸೊಂಟ ಸೇರಿತು. “ನಿನ್ನ ಬಾಯಿ ಚುರುಕು, ನದಿ ಹತ್ರ ಹೋಗಿ ಗಾಳದವರಿಗೆ ನಮ್ಮ ವಿಷಯ ಹೇಳು” ಎಂದು ಅಕ್ಕ ದಿನಾ ಬೆಳಗ್ಗೆ ನನ್ನನ್ನು ಕಳಿಸುತ್ತಿದ್ದಳು. ನಾನು ಹೋಗುತ್ತಿದ್ದೆ. ಮೊಣಕಾಲುದ್ದ ನೀರಿನಲ್ಲಿ ನಿಂತವರನ್ನು ದಡದಿಂದ ಕೂಗಿ ಕರೆದು, ಆ ಅಂಗಡಿಯಲ್ಲಿ ಹುರಿ ಕೊಳ್ಳಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಮೀನು ಓಡಿಸಿದೆ ಎಂದು ಕೆಲವರು ಬೈದರು. ಹಲವರು ಕೇಳಿದರು. ಮೀಸೆಯ ಕಿಟಕಿ ಬರಿದಾಗುತ್ತಾ ಬಂದಿತ್ತು. ಗೆದ್ದೆವು ಎಂದೇ ಅಂದುಕೊಂಡಿದ್ದೆವು.

ಆಗ ಬಂದಳು ಮೇಣದಜ್ಜಿ, ಕೈಚೀಲವನ್ನೂ ಇಳಿಸದೆ.

“ಎಷ್ಟಿವೆ?” ಎಂದಳು ಕನ್ನಡಕ.

“ಕಿಟಕಿ ತುಂಬಾ. ಬಟ್ಟೆ ಒಣಗಾಕಿದ ಹಾಗೆ.”

“ಗಾಜಿನಾಚೆ ಇರೋದು ಎಡಮುರಿ ಅಂತ ಹೇಗೆ ಗೊತ್ತಾಯ್ತು ಅಜ್ಜಿ?” ಎಂದೆ.

“ಇಷ್ಟು ವರ್ಷ ನಿನ್ನ ಹುರಿಗೆ ಮೇಣ ಉಜ್ಜಿದ್ದು ಯಾರೇ, ನಿಮ್ಮಜ್ಜಿನಾ?”

“ಆದ್ರೆ ಅದು ನಾನಲ್ಲ.”

“ಮತ್ತ್ಯಾರು, ಬಲಮುರೀನ ಎಡಮುರಿ ಮಾಡೋ ಕನ್ನಡಿನಾ?” ಎಂದಳು ಕನ್ನಡಕ. ಯಾರೂ ನಗಲಿಲ್ಲ.

ಪಟಾಕಿ ನನ್ನ ಪಕ್ಕ ಬಂದು ಕೂತು ಭುಜದ ಮೇಲೆ ಕೈಯಿಟ್ಟಳು. “ಹೇಳ್ಬಿಡೆ. ಏನೋ ಕಷ್ಟ ಇತ್ತು ಅನ್ಸುತ್ತೆ. ನಮಗೆ ಒಂದು ಮಾತು ಹೇಳಿದ್ರೆ ನೋಡ್ಕೋತಿರ್ಲಿಲ್ವಾ?” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರಕ್ಕೆ ಏನೆಂದು ಉತ್ತರ ಕೊಡುವುದು?

ನಾನು ಅಕ್ಕನ ಕಡೆ ತಿರುಗಿದೆ. ಅವಳು ಸಿಕ್ಕಾದ ದಾರವೊಂದನ್ನು ಬಿಡಿಸುತ್ತಿದ್ದಳು. ಬಿಡಿಸಿ, ಸುತ್ತಿ, ಪಕ್ಕಕ್ಕಿಟ್ಟ ಮೇಲೆ ತಲೆಯೆತ್ತಿದಳು.

“ನನ್ನ ತಂಗಿ ಅಂತ ನಾನು ಪಕ್ಷ ವಹಿಸಲ್ಲ. ಸಂಘ ಏನು ಹೇಳುತ್ತೋ ಅದೇ.”

ಅಜ್ಜಿಯ ಕಣ್ಣು ಒದ್ದೆಯಾಯಿತು. ಸ್ವಂತ ತಂಗಿಯನ್ನೂ ಬಿಡದ ನ್ಯಾಯ ಎಂದು ಎಲ್ಲರಿಗೂ ಅವಳ ಮೇಲಿನ ಗೌರವ ಉಕ್ಕಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಅವಮಾನದ ನಡುವೆಯೂ ನನಗೇ ಅವಳ ಬಗ್ಗೆ ಹೆಮ್ಮೆ ಎನಿಸಿತು. ಮೀಸೆಯ ಜೊತೆ ಮಾತುಕತೆ ಮುಗಿಯುವ ತನಕ ನಾನು ಕೋಣೆಗೆ ಕಾಲಿಡಬಾರದು, ಆಮೇಲೆ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ ಎಂದು ತೀರ್ಮಾನವಾಯಿತು. ನನ್ನ ಹಲಗೆ ಅಲ್ಲೇ ಗೋಡೆಗೆ ತಿರುಪು ಹಾಕಿದಂತೆಯೇ ಉಳಿಯಿತು. ಬೇರೆ ಕೆಲಸ ನನಗೆ ಬರುವುದಿಲ್ಲ. ಬೇರೆ ಜನವೂ ನನಗಿಲ್ಲ.

ಮನೆಗೆ ಬಂದು ಮೂಲೆ ಹಿಡಿದೆ. ಅಕ್ಕ ಬಂದವಳು ಚಹಾ ಮಾಡಿ ಲೋಟವನ್ನು ನನ್ನ ಕೈಗೇ ಕೊಟ್ಟಳು.

“ನೀನೂ ನಂಬ್ತೀಯಾ ಅಕ್ಕಾ?”

“ನಾನು ನಂಬಿದ್ರೇನು, ಬಿಟ್ರೇನು. ಸ್ವಲ್ಪ ದಿನ ಬಾಯಿ ಮುಚ್ಕೊಂಡಿರು. ಎಲ್ಲಾ ಮರೀತಾರೆ.”

“ನಾನು ಮಾಡಿದ್ರೆ ತಾನೆ ಮರೆಯೋದು?”

“ಕುಡಿ, ಆರುತ್ತೆ.”

ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ನನ್ನ ತಲೆ ಸವರುತ್ತಾ ಕೂತಿದ್ದಳು. ಮುಂದೆ ನಡೆದ ಎಲ್ಲವನ್ನೂ ನಾನು ಒಂದು ದಿನ ಮರೆತೇನು. ಆ ಸವರಿದ ಕೈಯನ್ನು ಮರೆಯಲಾರೆ.

ಅಂಚೆಯಣ್ಣ ಬಂದದ್ದು ಅದಾದ ವಾರದಲ್ಲಿ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾಗಿ ಈಗ ಇಡೀ ದಿನ ನದಿಯಲ್ಲಿ ನಿಲ್ಲುವ ಮನುಷ್ಯ. ಬಾಗಿಲು ಹುಡುಕುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕ ಮನೆಯಲ್ಲಿರಲಿಲ್ಲ.

“ಬೇಜಾರು ಮಾಡ್ಕೋಬೇಡಮ್ಮ” ಎಂದು ಹೊಸ್ತಿಲಲ್ಲೇ ಶುರುಮಾಡಿದ. “ತಗೋಬೇಡಿ ಅಂತ ನೀನೇ ಬಂದು ಕೂಗಾಡಿದ್ದೆ. ಆಮೇಲೆ ಕಿಟಕೀಲಿ ನೋಡಿದಾಗ ಜಗಳ ಮುಗೀತು ಅಂದ್ಕೊಂಡೆ. ಒಂದು ತಗೊಂಡೆ. ಇದು ಹುರಿನಾ, ಕಂಬಳಿಹುಳನಾ?”

ತಗಡಿನ ಡಬ್ಬಿಯಿಂದ ಹುರಿಯನ್ನು ತೆಗೆದು ನನ್ನ ಮುಂದೆ ಹಿಡಿದ. ನಡುವೆ ಕಿತ್ತಿತ್ತು. ಎರಡೂ ತುಂಡುಗಳನ್ನು ಜೋಪಾನವಾಗಿ ಸುತ್ತಿಟ್ಟಿದ್ದ.

“ನೀರು ಕುಡಿದು ಕಲ್ಲಿನ ಹಾಗೆ ಮುಳುಗ್ತು. ದೊಡ್ಡ ಮೀನೇನೂ ಅಲ್ಲಮ್ಮ, ಒಂದು ಕೊಂಬೆಗೆ ಸಿಕ್ಕಿದ್ದಕ್ಕೇ ಕಿತ್ತು ಬಂತು. ಮೇಲಾಗಿ ಗೇಣುದ್ದ ಕಮ್ಮಿ. ಮೀಸೆ ಹತ್ರ ಹೋದ್ರೆ, ಕೈಕೆಲಸ ಅಂದ್ಮೇಲೆ ಹೆಚ್ಚುಕಮ್ಮಿ ಇರುತ್ತೆ ಅಂತಾನೆ. ನಿನ್ನ ಕೈ ಇಷ್ಟು ಕೆಟ್ಟೋಯ್ತಾ?”

ನಾನು ತುಂಡುಗಳನ್ನು ಬೆರಳ ನಡುವೆ ಇಟ್ಟೆ. ಹೌದು, ಎಡಮುರಿ. ಆದರೆ ಎಳೆಗಳು ಬಾಯಿಬಿಟ್ಟಿದ್ದವು, ಕೂದಲು ಕೆದರಿತ್ತು. ನಾನು ಕಲಿಯುವಾಗ ಬರುತ್ತಿದ್ದ ಅದೇ ಕೆದರಿದ ಹುರಿ. ಒಂದು ಎಳೆಯ ತುದಿಯನ್ನು ಉಗುರಿನಲ್ಲಿ ಬಿಚ್ಚಿದೆ. ಇದು ನನ್ನ ದಾರವಲ್ಲ; ಉಳಿದ ನಾಲ್ವರು ಬಳಸುವ ದಾರ. ಬಲಗೈಯವಳೊಬ್ಬಳು ಡ್ರಿಲ್ಲನ್ನು ಬೇಕೆಂದೇ ಉಲ್ಟಾ ತಿರುಗಿಸಿದ್ದಾಳೆ, ನೋಡಿದವರು ನನ್ನ ಹೆಸರು ಹೇಳಲಿ ಎಂದು. ಅದಕ್ಕೆ ನನ್ನ ದಾರವೂ ಬೇಕು ಎನ್ನುವುದು ಅವಳಿಗೆ ಗೊತ್ತಿಲ್ಲ.

“ಗೇಣುದ್ದ ಕಮ್ಮಿ ಅಂದ್ರಾ ಅಣ್ಣ?”

“ಅಳೆದು ನೋಡು ಬೇಕಾದ್ರೆ.”

ಅಳೆಯಬೇಕಾಗಿರಲಿಲ್ಲ. ಆದರೂ ಅವನನ್ನು ಕಳಿಸಿ ಬಾಗಿಲು ಹಾಕಿ ಒಳಗೆ ಹೋಗಿ ಅಕ್ಕನ ಮಂಚದಡಿ ಕೈ ಹಾಕಿದೆ. ಕೊಯ್ದ ಹಲಗೆ ಸಿಕ್ಕಿತು. ಧೂಳು ಇರಲಿಲ್ಲ. ಗೂಟಗಳ ಬುಡದಲ್ಲಿ ಬಿಳಿ ನಾರು ಹೊಸದಾಗಿ ಅಂಟಿಕೊಂಡಿತ್ತು. ಹಲಗೆಯ ಹಿಂದೆ, ಹಳೆಯ ಟವೆಲಿನಲ್ಲಿ ಸುತ್ತಿದ, ನಾನು ಕಲಿಯುವಾಗಿನ ಡ್ರಿಲ್ಲು.

ನಾನು ನದಿಯ ದಡದಲ್ಲಿ ಕೂಗುತ್ತಿದ್ದ ಹೊತ್ತಿನಲ್ಲಿ ಅವಳು ಇಲ್ಲಿ ಕೂತು ನಾನಾಗುತ್ತಿದ್ದಳು.

ಹಲಗೆಯನ್ನು ಎಳೆದು ತಂದು ಬಾಗಿಲಿಗೆ ಎದುರಾಗಿ ನೆಲದ ಮೇಲಿಟ್ಟೆ. ಅಕ್ಕ ತರಕಾರಿ ಹಿಡಿದು ಒಳಗೆ ಬಂದಳು, ಹಲಗೆಯನ್ನು ನೋಡಿದಳು, ದಾಟಿಕೊಂಡು ಹೋಗಿ ಚೀಲವನ್ನು ಒಲೆಯ ಪಕ್ಕ ಇಟ್ಟಳು. ಅವಳು ಇಲ್ಲ ಎನ್ನಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದೆ ಕೊಟ್ಟಳು.

“ಯಾಕೆ?” ಎಂದೆ.

“ಮೀಸೆ ಕರೆಸಿದ್ದ. ಐದು ಹೆಸರು ಆಗಲ್ಲ, ಒಂದು ಹೆಸರು ಹಾಕ್ತೀನಿ ಅಂದ. ನಂದು.”

“ನೀನೇ ಅಲ್ವಾ ಐದೂ ಬೇಕು ಅಂದಿದ್ದು?”

“ಅಂದಿದ್ದೆ. ಆದ್ರೆ ಈ ಕೆಲಸ ಇಲ್ಲಿಗೆ ತಂದಿದ್ದು ಯಾರು? ನಿಮಗೆಲ್ಲ ಹೇಳ್ಕೊಟ್ಟಿದ್ದು ಯಾರು? ಜೀವನಪೂರ್ತಿ ‘ಎಡಚಿ ಅಕ್ಕ’, ‘ಸಂಘದ ಅಕ್ಕ’. ನನಗೂ ಒಂದು ಹೆಸರಿದೆ ಕಣೆ. ಅದನ್ನ ಅಚ್ಚಾಗಿ ನೋಡ್ಬೇಕು ಅನ್ನಿಸ್ತು. ಮೊದಲು ಕಿಟಕಿ ತುಂಬಿಸಿಕೊಡು, ಆಮೇಲೆ ಚೀಟಿ ಬದಲಾಯಿಸ್ತೀನಿ ಅಂದ.”

“ಸರಿ. ನಿನ್ನ ಹೆಸರಿಗೆ ನೀನು ಬಲಮುರಿ ಹೊಸೀಬೇಕಾಗಿತ್ತು. ಎಡಮುರಿ ಯಾಕೆ?”

ಅವಳು ಈರುಳ್ಳಿಯ ಸಿಪ್ಪೆ ಬಿಡಿಸತೊಡಗಿದಳು.

“ಯಾರ ಕಣ್ಣಿಗಾದ್ರೂ ಬಿದ್ದೇ ಬೀಳುತ್ತೆ ಅಂತ ಗೊತ್ತಿತ್ತು. ನೀನಾದ್ರೆ ಬೈತಾರೆ, ಸ್ವಲ್ಪ ದಿನ ಮಾತು ಬಿಡ್ತಾರೆ, ಆಮೇಲೆ ಕರ್ಕೋತಾರೆ. ನೀನು ಚಿಕ್ಕೋಳು. ನನ್ನನ್ನ ಹಾಗೆ ಬಿಡ್ತಾರಾ ಹೇಳು? ನನ್ನ ಮುಖಕ್ಕೆ ಉಗಿಯೋರು.”

“ಅಂದ್ರೆ ಲೆಕ್ಕ ಹಾಕಿದೀಯ.”

“ಯಾರಿಗೆ ಕಮ್ಮಿ ನೋವಾಗುತ್ತೆ ಅಂತ ನೋಡ್ದೆ.”

“ನನಗೆ?”

“ನೀನು ನನ್ನ ತಂಗಿ. ನೀನು ತಡ್ಕೋತೀಯ.”

ಇದನ್ನು ಅವಳು ಪ್ರೀತಿಯಿಂದಲೇ ಹೇಳಿದಳು. ಅದೇ ನನ್ನನ್ನು ಸುಟ್ಟದ್ದು. ಮೀಸೆ ನಮ್ಮನ್ನು ದೋಚುವಾಗ ಪ್ರೀತಿ ಗೀತಿ ಎಂದು ಬರುವುದಿಲ್ಲ. ಅವನಿಂದ ನಾವು ಏನನ್ನೂ ನಿರೀಕ್ಷಿಸಿರಲಿಲ್ಲ, ಹಾಗಾಗಿ ಅವನು ನಮಗೆ ದ್ರೋಹ ಮಾಡಲಾರ. ಇವಳಿಗೆ ನನ್ನ ಬೆನ್ನಿನ ಉದ್ದಗಲ ಗೊತ್ತಿತ್ತು. ಎಷ್ಟು ಭಾರ ಹಿಡಿಯುತ್ತದೆ ಎಂದು ತೂಗಿಯೇ ಹೇರಿದ್ದಳು.

“ನಾಡಿದ್ದು ಮಧ್ಯಾಹ್ನ ಮೀಸೆ ಕೋಣೆಗೆ ಬರ್ತಾನೆ, ಮಾತುಕತೆಗೆ” ಎಂದಳು. “ಅವನು ಬರೋಕ್ಕೆ ಮುಂಚೆ ನಾನೇ ಎಲ್ರಿಗೂ ಹೇಳ್ತೀನಿ. ನೀನೂ ಬಾ. ನಿನ್ನೆದುರೇ ಹೇಳ್ತೀನಿ.”

“ಹೇಳ್ತೀಯಾ?”

“ಹೇಳ್ತೀನಿ ಅಂದೆನಲ್ಲ.”

ನಾನು ನಂಬಿದೆ. ಅಷ್ಟೆಲ್ಲ ಆದ ಮೇಲೂ ನಂಬಿದೆ. ಅಕ್ಕ ಎಂಬ ಶಬ್ದದಲ್ಲಿ ಏನು ಮದ್ದು ಬೆರೆಸಿರುತ್ತಾರೋ.

ಆ ದಿನ ಮೆಟ್ಟಿಲು ಹತ್ತಿ ಕೋಣೆಗೆ ಹೋದಾಗ ಎಲ್ಲರೂ ಮೊದಲೇ ಸೇರಿದ್ದರು. ಮೀಸೆಗೆಂದು ಕುರ್ಚಿಯೊಂದನ್ನು ಒರೆಸಿ ಇಟ್ಟಿದ್ದರು. ನನ್ನನ್ನು ಕಂಡು ಪಟಾಕಿಯ ಮಾತು ಅರ್ಧಕ್ಕೇ ನಿಂತಿತು. ನಾನು ಅಕ್ಕನನ್ನೇ ನೋಡುತ್ತಾ ಬಾಗಿಲ ಬಳಿ ನಿಂತೆ.

ಅಕ್ಕ ಎದ್ದಳು. “ಮೀಸೆ ಬಂದಾಗ ಮೊದಲು ನಾನು ಮಾತಾಡ್ತೀನಿ. ನೀವ್ಯಾರೂ ಅವಸರ ಮಾಡ್ಬೇಡಿ” ಎಂದಳು. ಇನ್ನೇನು ಹೇಳುತ್ತಾಳೆ ಎಂದು ಕಾದೆ. ಕೂತುಬಿಟ್ಟಳು.

“ಅಕ್ಕಾ” ಎಂದೆ.

“ಇವಳನ್ನ ಯಾರು ಕರೆದಿದ್ದು?” ಎಂದಳು ಕನ್ನಡಕ.

ಅಕ್ಕ ಕೂತಲ್ಲಿಂದಲೇ ಮೀಸೆಯ ಕುರ್ಚಿಯನ್ನು ನೇರ ಮಾಡಿದಳು.

ನಾನು ಮುಂದೆ ಹೋಗಿ ಅಂಚೆಯಣ್ಣನ ಹುರಿಯ ತುಂಡುಗಳನ್ನು ಮೇಜಿನ ಮೇಲಿಟ್ಟೆ. ಗೂಡಿನಿಂದ ನನ್ನದೊಂದು ಹಳೆಯ ಹುರಿ ತೆಗೆದು ಪಕ್ಕದಲ್ಲಿಟ್ಟೆ. “ಮುಟ್ಟಿ ನೋಡಿ” ಎಂದೆ. “ಗಾಜಿನಾಚೆಯಿಂದ ನೋಡಿದ್ದು ಸಾಕು.”

ಮೊದಲು ಮುಟ್ಟಿದವಳು ಮೇಣದಜ್ಜಿ. ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಎರಡನ್ನೂ ಸವರಿದಳು. ಆಮೇಲೆ ಕನ್ನಡಕ ತನ್ನ ಕನ್ನಡಕವನ್ನು ಹಣೆಗೇರಿಸಿ, ಎಳೆ ಬಿಚ್ಚಿ ನೋಡಿದಳು. ಪಟಾಕಿ ಕಿತ್ತ ತುಂಡುಗಳನ್ನು ಜೋಡಿಸಿ ತನ್ನ ಹಲಗೆಯ ಪಕ್ಕ ಹಿಡಿದಳು, ಗೇಣುದ್ದ ಗಿಡ್ಡವಿತ್ತು. ಅಕ್ಕನ ಮನೆಯ ಕೊಯ್ದ ಹಲಗೆಯ ಮೇಲೆ ಈ ಮೂವರೂ ಒಂದಲ್ಲ ಒಂದು ಕಾಲದಲ್ಲಿ ಕಲಿತವರೇ. ಯಾರಿಗೂ ಯಾವುದನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಳಗೆ ಬಟ್ಟೆ ತೊಳೆಯುವ ಮಷೀನು ಗರಗರ ಎನ್ನುತ್ತಿತ್ತು. ಎಲ್ಲರೂ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದಳು. ಕಣ್ಣು ತಪ್ಪಿಸಲಿಲ್ಲ.

“ಅವಳೇ ಮಾಡಿದ್ದು” ಎಂದಳು. “ನಾನಿಲ್ಲದಾಗ ಮನೇಲಿ ಕೂತು ಮಾಡಿದಾಳೆ. ದಾರ ಬದಲಾಯಿಸಿದ್ದೂ ಬೇಕು ಅಂತಲೇ.”

ಅವಳ ಮಾತು ಮುಗಿದ ಮೇಲೆ ಯಾರಾದರೂ ಬೈಯುತ್ತಾರೆ ಎಂದುಕೊಂಡೆ. ನನ್ನನ್ನೋ ಅವಳನ್ನೋ. ಯಾರೂ ಬೈಯಲಿಲ್ಲ. ಅಜ್ಜಿ ಹುರಿಯ ತುಂಡುಗಳನ್ನು ಒಟ್ಟುಗೂಡಿಸಿ, ಮಡಚಿ, ನನ್ನ ಕೈಗೆ ವಾಪಸು ಕೊಟ್ಟಳು. ಆ ಮಡಚಿದ ರೀತಿಯಲ್ಲೇ ನನಗೆ ಅರ್ಥವಾಯಿತು. ಮಾಡಿದ್ದು ಅಕ್ಕ ಎಂದು ಅವರಿಗೆ ಗೊತ್ತಾಗಿದೆ.

“ಎಡಚಿ” ಎಂದು ಪಟಾಕಿ ಮೆಲ್ಲಗೆ ಶುರುಮಾಡಿದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. “ಮೀಸೆ ಇನ್ನೇನು ಬರ್ತಾನೆ. ಅವನ ಮುಂದೆ ನಾವು ಒಡೆದುಹೋದ್ರೆ ಎಲ್ಲಾ ಮುಗೀತು. ಅವನ ಹತ್ರ ಮಾತಾಡೋಕ್ಕೆ ಅಕ್ಕ ಒಬ್ಬಳಿಗೇ ಬರೋದು. ಅಕ್ಕ ಇಲ್ದೆ ಸಂಘ ಎಲ್ಲಿದೆ?”

“ಅದಕ್ಕೆ?”

“ಅದಕ್ಕೆ ಏನಿಲ್ಲ. ಈಗ ಇದ್ದ ಹಾಗೇ ಇರ್ಲಿ. ನೀನೇ ಅಂತ. ಆಮೇಲೆ ನಮ್ಮನಮ್ಮಲ್ಲೇ ಸರಿಮಾಡ್ಕೊಳ್ಳೋಣ.”

“ದೊಡ್ಡ ಮನಸ್ಸು ಮಾಡಮ್ಮ” ಎಂದಳು ಕನ್ನಡಕ. ಹೊರಹಾಕಿದ ದಿನ ಕನ್ನಡಿನಾ ಎಂದು ಕುಟುಕಿದ್ದವಳು ಇಂದು ಅಮ್ಮ ಎನ್ನುತ್ತಿದ್ದಳು.

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ.

“ಮೀಸೆ ಏನು ಮಾಡಿದ? ನಾವು ಮಾಡಿದ ಕೆಲಸದ ಮೇಲೆ ಅವನ ಹೆಸರು ಹಾಕ್ಕೊಂಡ. ಅದಕ್ಕೆ ತಾನೆ ಇಷ್ಟೆಲ್ಲ? ನೀವೇನು ಮಾಡ್ತಿದೀರ? ಅಕ್ಕ ಮಾಡಿದ ಕೆಲಸದ ಮೇಲೆ ನನ್ನ ಹೆಸರು ಹಾಕ್ತಿದೀರ. ಅವನಾದ್ರೂ ಒಳ್ಳೆ ಹುರಿಗೆ ಹಾಕ್ಕೊಂಡಿದ್ದ.”

“ಹಾಗಲ್ಲ ಕಣೆ” ಎಂದಳು ಪಟಾಕಿ.

“ಹೇಗೆ ಮತ್ತೆ, ಹೇಳು.”

ನಾನು ಗೂಡಿನಿಂದ ತಿರುಪುಳಿ ತೆಗೆದುಕೊಂಡು ನನ್ನ ಹಲಗೆಯ ಹತ್ತಿರ ಹೋದೆ. ತಿರುಪುಗಳು ಹಬೆಗೆ ತುಕ್ಕು ಹಿಡಿದಿದ್ದವು. ಎಡಗೈಯ ಪೂರ್ತಿ ಬಲ ಹಾಕಬೇಕಾಯಿತು. ಒಂದೊಂದು ತಿರುಪೂ ಬಿಚ್ಚುವಾಗ ಕಿರುಗುಡುತ್ತಿತ್ತು. ಬಿಚ್ಚುತ್ತಿರುವಷ್ಟು ಹೊತ್ತೂ, ಬೇಡ ನಿಲ್ಲಿಸು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕ ಒಂದು ಸಲ ಕೆಮ್ಮಿದಳು. ಅಷ್ಟೇ.

ಹಲಗೆ ನನಗಿಂತ ಎಷ್ಟೋ ಉದ್ದ. ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಒಬ್ಬಳೇ ಇಳಿಸಲು ಆಗದು. ಮೇಣದಜ್ಜಿ ಎದ್ದು ಬಂದು ಇನ್ನೊಂದು ತುದಿ ಹಿಡಿದಳು. ನಾನು ಮುಂದೆ, ಅವಳು ಹಿಂದೆ. ತಿರುವಿನಲ್ಲಿ “ಎತ್ತು, ಸ್ವಲ್ಪ ಎತ್ತು” ಎಂದಳು. ಎತ್ತಿದೆ. ಅಜ್ಜಿ ನನ್ನ ಜೊತೆ ಬರುತ್ತಿದ್ದಾಳೆ ಎಂದು ಎದೆ ತುಂಬಿ ಬಂತು. ಬೀದಿಯ ಬಾಗಿಲಿಗೆ ಬಂದೊಡನೆ ಅವಳು ತನ್ನ ತುದಿಯನ್ನು ನೆಲಕ್ಕಿಳಿಸಿದಳು.

“ನಾನು ಇಲ್ಲಿವರೆಗೇ ಕಣಮ್ಮ” ಎಂದಳು. “ಅವನು ಬರೋ ಹೊತ್ತಾಯ್ತು.”

ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು.

ನಾನು ಹಲಗೆಯನ್ನು ತಿರುಗಿಸಲು ಹೋದಾಗ ಅದರ ಮೂಲೆ ಬಟ್ಟೆ ತೊಳೆಯುವ ಅಂಗಡಿಯ ಗಾಜಿಗೆ ತಾಗಿತು. ಅಂಗಡಿಯವನು ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಓಡಿ ಬಂದ.

“ಗಾಜು, ಗಾಜು. ಎಲ್ಲಿಗಮ್ಮ ಇದು?”

“ಗೊತ್ತಿಲ್ಲ.”

“ಗೊತ್ತಾಗೋ ತನಕ ದಾರಿ ಬಿಟ್ಟು ನಿಲ್ಲು. ಮೇಲೆ ಹೋಗೋರಿಗೆ ಬಾಗಿಲು ಇದೊಂದೇ.”

ಅವನು ಒಳಗೆ ಹೋದ. ನಾನು ಬೀದಿಯ ಎರಡೂ ಕಡೆ ನೋಡಿದೆ. ಅಕ್ಕನ ಮನೆ ಬಿಟ್ಟರೆ ನನಗೆ ಮನೆಯಿಲ್ಲ. ಆ ಮನೆಗೆ ನಾನು ಹೋಗುವವಳಲ್ಲ. ದೂರದಲ್ಲಿ, ತಿರುವಿನ ಹತ್ತಿರ, ಮೀಸೆ ಕಾರಿನಿಂದ ಇಳಿದು ಅಂಗಿ ಸರಿಮಾಡಿಕೊಳ್ಳುತ್ತಿದ್ದ. ಇಷ್ಟು ವರ್ಷ ನನ್ನ ಹುರಿ ಮಾರಿದವನು ನನ್ನನ್ನು ಒಂದು ಸಲವೂ ಕಂಡವನಲ್ಲ.

ಹಲಗೆಯನ್ನು ಮೆಟ್ಟಿಲ ಬಾಗಿಲಿಗೆ ಅಡ್ಡವಾಗಿ ಇಟ್ಟೆ. ಎರಡು ತುದಿಗಳೂ ಚೌಕಟ್ಟನ್ನು ದಾಟಿ ಆಚೀಚಿನ ಗೋಡೆಗೆ ಒರಗಿಕೊಂಡವು. ಗೂಟಗಳ ನಡುವೆ ಜಾಗ ಮಾಡಿಕೊಂಡು ಅದರ ಮೇಲೆ ಕುಳಿತೆ. ಮೇಲೆ ಹೋಗಬೇಕಾದರೆ ಅವನು ಇಲ್ಲಿ ನಿಲ್ಲಲೇಬೇಕು, ನೀನು ಯಾರು ಎಂದು ನನ್ನನ್ನು ಕೇಳಲೇಬೇಕು.

ಅವನು ಹತ್ತಿರ ಬಂದ. ನಿಂತ. ಒಮ್ಮೆ ಹಲಗೆಯನ್ನು, ಒಮ್ಮೆ ನನ್ನನ್ನು ನೋಡಿದ.

ನಾನು ಏಳಲಿಲ್ಲ.